ಇಬ್ಬರು ಮಾಜಿ ಮ್ಯಾನೇಜರ್‌ಗಳು

ನಾನು ಒಂದು ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದೆ ಎಂದರೆ ಮೈಸೂರಿನಲ್ಲಿ ನನ್ನ ಜೊತೆ ಓದಿದವರು ಯಾರೂ ನಂಬುವುದಿಲ್ಲ. ಶಾಲೆಯ ಆಟದ ಪೀರಿಯಡ್ಡಿನಲ್ಲಿ ಪಿ.ಟಿ. ಮೇಷ್ಟ್ರು ನನಗೆ ಕೊಟ್ಟಿದ್ದ ಖಾಯಂ ಕೆಲಸ, ಉಳಿದ ಹುಡುಗರ ಚಪ್ಪಲಿ ಮತ್ತು ಟಿಫಿನ್ ಡಬ್ಬಿಗಳನ್ನು ಕಾಯುವುದು. ಚೆಂಡು ಅಪ್ಪಿತಪ್ಪಿ ನನ್ನ ಕಡೆ ಬಂದರೆ ನಾನು ಪಕ್ಕಕ್ಕೆ ಸರಿದು ಮರ್ಯಾದೆಯಿಂದ ದಾರಿ ಬಿಡುತ್ತಿದ್ದೆ.

ಇಂಗ್ಲೆಂಡಿಗೆ ಬಂದು ಬರ್ಚ್‌ವುಡ್‌ನ ಆಫೀಸಿಗೆ ಸೇರಿದ ಮೇಲೆ ಈ ಮರ್ಯಾದೆ ಸಾಲದಾಯಿತು. ಸೋಮವಾರ ಬೆಳಗ್ಗೆ ಕಾಫಿ ಮಷಿನ್ ಮುಂದೆ ಫುಟ್‌ಬಾಲ್ ಬಿಟ್ಟರೆ ಬೇರೆ ಮಾತೇ ಇಲ್ಲ. ಸುಮ್ಮನೆ ನಿಂತು ನಕ್ಕು ನಕ್ಕು ದವಡೆ ನೋವು ಬಂದಾಗ, ಆಟ ಅರ್ಥವಾಗದಿದ್ದರೂ ಆಡಿಸುವವರ ಬಗ್ಗೆ ತಿಳಿದುಕೊಳ್ಳೋಣ ಎಂದು ತೀರ್ಮಾನಿಸಿದೆ. ಈ ದೇಶದಲ್ಲಿ ಫುಟ್‌ಬಾಲ್ ಕೋಚನ್ನು ಮ್ಯಾನೇಜರ್ ಎನ್ನುತ್ತಾರೆ. ಇಲ್ಲಿನ ದೊಡ್ಡ ಕ್ಲಬ್ಬುಗಳಿಗೆ ಒಬ್ಬರಾದ ಮೇಲೊಬ್ಬರು ಪೋರ್ಚುಗೀಸ್ ಮ್ಯಾನೇಜರ್‌ಗಳು ಬರುತ್ತಿದ್ದರು. ನನಗೆ ಹಿಡಿಸಿದ್ದು ಅವರೇ. ಮೊದಲ ಕಾರಣ, ಅವರ ಇಂಗ್ಲಿಷ್ ನನಗೆ ಅರ್ಥವಾಗುತ್ತಿತ್ತು. ನನ್ನ ಇಂಗ್ಲಿಷಿನ ಹಾಗೆ ಅದೂ ಎಲ್ಲವೂ ಸರಿಯಿದ್ದು ಎಲ್ಲೋ ಹೊರಗಿನಿಂದ ಬಂದದ್ದು. ಎರಡನೆಯದು, ಅವರಲ್ಲಿ ಎಷ್ಟೋ ಜನ ಹೇಳಿಕೊಳ್ಳುವಂಥ ಆಟಗಾರರೇ ಆಗಿರಲಿಲ್ಲ. ಓದಿ, ನೋಡಿ, ಬರೆದುಕೊಂಡು ಕೋಚ್ ಆದವರು. ಇದನ್ನು ಓದಿದ ದಿನ ನನ್ನ ಬೆನ್ನು ನೆಟ್ಟಗಾಯಿತು.

ಆಮೇಲೆ ಬೇರೆಯವರು ಧಾರಾವಾಹಿ ನೋಡುವ ಹಾಗೆ ನಾನು ಅವರ ಕೆಲಸದ ಚರಿತ್ರೆಗಳನ್ನು ಹಿಂಬಾಲಿಸತೊಡಗಿದೆ. ಒಬ್ಬ ತನ್ನ ಊರಿನ ಸಣ್ಣ ಕ್ಲಬ್ಬಿನಲ್ಲಿ ಶುರುಮಾಡಿ ಗ್ರೀಸಿಗೆ ಹೋಗುತ್ತಾನೆ, ಅಲ್ಲಿಂದ ಇಂಗ್ಲೆಂಡ್, ಇಲ್ಲಿ ಕೆಲಸ ಹೋದರೆ ಕೊಲ್ಲಿ ದೇಶ, ಅಲ್ಲಿಯೂ ಹೋದರೆ ಬ್ರೆಜಿಲ್. ಪ್ರತಿಯೊಂದು ಊರಿನಲ್ಲೂ ಹೊಸ ಕ್ಲಬ್ಬಿನ ಬಣ್ಣದ ಮಫ್ಲರ್ ಹಿಡಿದು ಅದೇ ನಗು ನಕ್ಕ ಫೋಟೋ. ಬರ್ಚ್‌ವುಡ್‌ನ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ವರ್ಷಗಳಿಂದ ಕೂತಿದ್ದ ನನಗೆ ಈ ಓಡಾಟ ಪುರಾಣದಂತೆ ಕಾಣುತ್ತಿತ್ತು. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳಿಗೆ ಉಪನ್ಯಾಸ ಕೊಡುತ್ತಿದ್ದೆ. ಅವರು ಸ್ಯಾಂಡ್‌ವಿಚ್ ಅನ್ನು ಬೇಗ ಬೇಗ ತಿನ್ನುತ್ತಿದ್ದುದು ಕೆಲಸದ ಒತ್ತಡದಿಂದ ಎಂದುಕೊಂಡಿದ್ದೆ.

ನನ್ನ ಹೆಂಡತಿ ಇಲ್ಲಿ ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರ್. ಧಾರವಾಡದವಳು. ಅವಳು ಇದನ್ನು ರೋಗವೆಂದು ಪರಿಗಣಿಸಿದ್ದಳು, ಆದರೆ ಚಿಕಿತ್ಸೆ ಬೇಕಾದಷ್ಟು ದೊಡ್ಡದಲ್ಲ ಎಂದು ಬಿಟ್ಟಿದ್ದಳು.

"ನಮ್ಮ ಬಾಯ್ಲರ್ ಸರ್ವಿಸ್ ಯಾವಾಗ ಅದ ಅನ್ನೂದು ನಿಮಗ ಗೊತ್ತಿಲ್ಲ," ಅಂದಳು ಒಮ್ಮೆ. "ಆ ಮನಷ್ಯಾ ಎರಡು ವರ್ಷದ ಹಿಂದ ಯಾವ ಊರಾಗ ಇದ್ದ ಅಂತ ಮಾತ್ರ ಬರೋಬ್ಬರಿ ಗೊತ್ತದ."

ನಮ್ಮ ವಾರಿಂಗ್ಟನ್ ಸುತ್ತಮುತ್ತಲ ಕನ್ನಡದ ಗಂಡಸರು, ಅಂದರೆ ಆಸ್ಪತ್ರೆಯ ಡಾಕ್ಟರುಗಳು ಮತ್ತು ನನ್ನಂಥ ಐಟಿಯವರು, ಭಾನುವಾರ ಬೆಳಗ್ಗೆ ಲೀಷರ್ ಸೆಂಟರಿನ ಪ್ಲಾಸ್ಟಿಕ್ ಹುಲ್ಲಿನ ಮೈದಾನದಲ್ಲಿ ಏಳು ಜನರ ಫುಟ್‌ಬಾಲ್ ಆಡುತ್ತಿದ್ದರು. ಒಂದು ಭಾನುವಾರ ನಾನೂ ಹೋಗಿ ಆಡಿದೆ. ಚೆಂಡು ಮುಟ್ಟುವ ಮೊದಲೇ ಮೊಣಕಾಲು ಊದಿಕೊಂಡಿತು. ತಂಡದ ಕ್ಯಾಪ್ಟನ್ ಮಂಗಳೂರು ಕಡೆಯ ರೇಡಿಯಾಲಜಿಸ್ಟ್, ಬಹಳ ಸೂಕ್ಷ್ಮ ಮನುಷ್ಯ. ನನ್ನನ್ನು ಕೈಹಿಡಿದು ಬೆಂಚಿನ ಮೇಲೆ ಕೂರಿಸಿ ಹೇಳಿದರು:

"ನೀವು ಆಡುವುದು ಬೇಡ ಮಾರಾಯ್ರೇ. ನಿಮಗೆ ಅಷ್ಟೆಲ್ಲಾ ಗೊತ್ತುಂಟು. ಹೊರಗೆ ನಿಂತು ಹೇಳಿ, ನಾವು ಕೇಳ್ತೇವೆ."

ಅದನ್ನು ನಾನು ಬಡ್ತಿ ಎಂದೇ ತೆಗೆದುಕೊಂಡೆ. ಮುಂದಿನ ವಾರದೊಳಗೆ ಮೊಣಕಾಲಿನ ತನಕ ಬರುವ ಕಪ್ಪು ಕೋಟು ಕೊಂಡೆ, ಅಯಸ್ಕಾಂತದ ಬಿಲ್ಲೆಗಳಿರುವ ಬಿಳಿ ಬೋರ್ಡು ಕೊಂಡೆ. ಮೈದಾನದ ಗೆರೆಯ ಪಕ್ಕ ಗಲ್ಲಕ್ಕೆ ಬೆರಳಿಟ್ಟು ನಿಲ್ಲುವುದನ್ನು ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಆಟದ ನಡುವಿನ ವಿರಾಮದಲ್ಲಿ ಬೋರ್ಡಿನ ಮೇಲೆ ಬಿಲ್ಲೆಗಳನ್ನು ಸರಿಸುತ್ತಾ, "ಎದುರಾಳಿಯ ಎರಡು ಗೆರೆಗಳ ನಡುವಿನ ಜಾಗವನ್ನು ಬಳಸಬೇಕು" ಎನ್ನುತ್ತಿದ್ದೆ. ಬೆವರಿಳಿಯುತ್ತಿದ್ದ ಡಾಕ್ಟರುಗಳು ರೋಗಿಗಳ ಮಾತು ಕೇಳುವ ಮುಖ ಮಾಡಿಕೊಂಡು ತಲೆಯಾಡಿಸುತ್ತಿದ್ದರು. ಲೆಮಿಂಗ್ಟನ್ ಸ್ಪಾ ಎಂಬ ಊರಿನಿಂದ ಬಂದ, ವಿಡಿಯೋ ಗೇಮ್ ಮಾಡುವ ಹುಡುಗರ ತಂಡ ನಮ್ಮನ್ನು ಗುಡಿಸಿ ಹಾಕಿದಾಗ ನಾನು ಕಾರ್ ಪಾರ್ಕಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಮಾತಾಡಿದೆ. ನಾವು ಸರಿಯಾದ ದಾರಿಯಲ್ಲಿದ್ದೇವೆ, ಫಲಿತಾಂಶ ತಾನಾಗಿ ಬರುತ್ತದೆ ಎಂದೆ. ಇದನ್ನು ಯಾವ ಪೋರ್ಚುಗೀಸ್ ಮ್ಯಾನೇಜರ್ ಎಲ್ಲಿ ಹೇಳಿದ್ದು ಎಂದೂ ನನಗೆ ನೆನಪಿತ್ತು. ಅದಾದ ಮೇಲೆ ಆತ ಹೆಚ್ಚು ದಿನ ಆ ಕೆಲಸದಲ್ಲಿ ಉಳಿದಿರಲಿಲ್ಲ ಎನ್ನುವುದು ಮಾತ್ರ ಆಗ ಮರೆತುಹೋಗಿತ್ತು.

ಆಫೀಸಿನಲ್ಲಿ ನನ್ನ ತಂಡದಲ್ಲೇ ಒಬ್ಬಳು ಪೋರ್ಚುಗೀಸ್ ಟೆಸ್ಟರ್ ಇದ್ದಳು. ಪೋರ್ಟೋ ಪಕ್ಕದ ಒಂದು ಊರಿನವಳು, ನಲವತ್ತರ ಆಸುಪಾಸು, ಮಿತಭಾಷಿ. ನನ್ನ ಉಪನ್ಯಾಸಗಳನ್ನೆಲ್ಲ ಕೇಳಿಸಿಕೊಂಡೂ ಬಾಯಿಬಿಟ್ಟವಳಲ್ಲ. ಒಂದು ಮಧ್ಯಾಹ್ನ ನಾನು ಅವಳ ದೇಶದ ಕೋಚ್‌ಗಳ ಮನೋಧರ್ಮವನ್ನು ಅವಳಿಗೇ ವಿವರಿಸುತ್ತಿದ್ದಾಗ ಅವಳು ಚಮಚ ಕೆಳಗಿಟ್ಟಳು.

"ನಮ್ಮಪ್ಪ ಫುಟ್‌ಬಾಲ್ ಕೋಚ್," ಅಂದಳು.

ತಮಾಷೆ ಎಂದುಕೊಂಡೆ. ಅಲ್ಲ. ಈಗ ಕೆಲಸವಿಲ್ಲದೆ, ಸೊಂಟದ ಆಪರೇಷನ್ ಮುಗಿಸಿಕೊಂಡು ಇಲ್ಲಿ ಅವಳ ಮನೆಯಲ್ಲೇ ಇದ್ದಾರೆ ಎಂದಳು. ಅವರು ನಡೆಸಿದ ಕ್ಲಬ್ಬುಗಳ ಹೆಸರು ಹೇಳಿದಳು. ಒಂದನ್ನೂ ನಾನು ಕೇಳಿರಲಿಲ್ಲ. ಎರಡನೇ ದರ್ಜೆ, ಮೂರನೇ ದರ್ಜೆ, ಅಟ್ಲಾಂಟಿಕ್ ಸಾಗರದ ಒಂದು ದ್ವೀಪ, ಅಂಗೋಲಾ, ಸೈಪ್ರಸ್, ಕೊಲ್ಲಿಯಲ್ಲಿ ಕೆಲವೇ ತಿಂಗಳು. ಫೋನಿನಲ್ಲಿ ಹುಡುಕಿದರೆ ಒಂದೇ ಒಂದು ಫೋಟೋ ಸಿಕ್ಕಿತು. ಟ್ರ್ಯಾಕ್ ಸೂಟ್ ಹಾಕಿದ ಗಂಡಸರ ಸಾಲಿನಲ್ಲಿ ಕೊನೆಯವರು, ಅರ್ಧ ಮುಖ ಬೇರೊಬ್ಬರ ಭುಜದ ಹಿಂದೆ. ನನಗೆ ಅಷ್ಟೇ ಸಾಕಿತ್ತು. ಆ ಶನಿವಾರವೇ ಅಪ್ಪ ಮಗಳಿಬ್ಬರನ್ನೂ ಊಟಕ್ಕೆ ಕರೆದೆ.

ಮುದುಕರು ಕುಳ್ಳಗೆ, ದಪ್ಪ ಕುತ್ತಿಗೆ, ಕೂದಲಿಗೆ ಕಪ್ಪು ಬಣ್ಣ. ದೋಸೆಯನ್ನು ಚಾಕು ಫೋರ್ಕಿನಲ್ಲಿ ಕತ್ತರಿಸಿ ತಿಂದರು, ಆಮೇಲೆ ನನ್ನ ಹೆಂಡತಿಯನ್ನು ನೋಡಿ ಕೈಯಲ್ಲೇ ಶುರುಮಾಡಿದರು. ನಾನು ಕಾದು ಕಾದು ನನ್ನ ದೊಡ್ಡ ಪ್ರಶ್ನೆ ಕೇಳಿದೆ. ನಿಮ್ಮ ಫುಟ್‌ಬಾಲ್ ತತ್ತ್ವಶಾಸ್ತ್ರ ಯಾವುದು?

ಅವರು ಬಾಯಲ್ಲಿದ್ದದ್ದನ್ನು ನುಂಗಿ ಯೋಚಿಸಿದರು. "ಸೋಲಬಾರದು," ಅಂದರು.

ಅವರ ಕತೆಗಳೆಲ್ಲ ಕೆಲಸ ಕಳೆದುಕೊಂಡ ಕತೆಗಳು. ಸೀಸನ್ನಿನ ನಡುವೆ ಕೋಚನ್ನು ಕಿತ್ತುಹಾಕುವುದಕ್ಕೆ ಅವರ ಭಾಷೆಯಲ್ಲಿ ಮಾನಸಿಕ ಚಾಟಿಯೇಟು ಎನ್ನುತ್ತಾರಂತೆ. ಏಟು ಬೀಳುವುದು ಆಟಗಾರರಿಗೆ, ಅವರು ಎಚ್ಚೆತ್ತುಕೊಳ್ಳಲಿ ಎಂದು. ಹೋಗುವುದು ಮಾತ್ರ ಕೋಚ್. ದ್ವೀಪದ ಕ್ಲಬ್ಬಿನಲ್ಲಿ ಅವರನ್ನು ತೆಗೆದ ದಿನ ಗಾಳಿ ಜೋರಾಗಿ ವಿಮಾನಗಳೆಲ್ಲ ನಿಂತುಹೋದವು. ಹೊಸ ಕೋಚ್ ಆಗಲೇ ಬಂದಿಳಿದಿದ್ದ. ಇದ್ದದ್ದು ಒಂದೇ ಹೋಟೆಲ್. ಗಾಳಿ ನಿಲ್ಲುವ ತನಕ ಹಳೆಯ ಕೋಚ್, ಹೊಸ ಕೋಚ್ ಒಂದೇ ಮೇಜಿನಲ್ಲಿ ತಿಂಡಿ ತಿಂದರಂತೆ.

"ಯಾವ ಹುಡುಗನ ಮೊಣಕಾಲು ಸರಿಯಿಲ್ಲ, ಯಾರು ಶುಕ್ರವಾರ ಕುಡಿಯುತ್ತಾರೆ, ಎಲ್ಲ ಹೇಳಿಕೊಟ್ಟೆ," ಅಂದರು ಮುದುಕರು. "ಒಳ್ಳೆಯ ಮನುಷ್ಯ. ಅವನನ್ನೂ ವಸಂತಕ್ಕೆ ಮೊದಲೇ ತೆಗೆದರು."

ನನ್ನ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಮಗಳು ನಗಲಿಲ್ಲ. "ಆಗ ನನಗೆ ಒಂಬತ್ತು ವರ್ಷ," ಅಂದಳು ತಟ್ಟೆ ನೋಡುತ್ತಾ. "ಆ ಶಾಲೆಯಲ್ಲಿ ನನಗೊಬ್ಬಳು ಗೆಳತಿ ಸಿಕ್ಕಿದ್ದಳು." ಮುದುಕರು ಸಾಂಬಾರಿನ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು.

ಮರುದಿನ ಅವರನ್ನು ನಮ್ಮ ಮ್ಯಾಚಿಗೆ ಕರೆದೊಯ್ದೆ. ಕಪ್ಪು ಕೋಟಿನಲ್ಲಿ ನಾನು ಎಂದಿಗಿಂತ ಹೆಚ್ಚು ಓಡಾಡಿದೆ, ಹೆಚ್ಚು ಕೈ ಬೀಸಿದೆ. ಅವರು ಜೇಬಿನಲ್ಲಿ ಕೈಯಿಟ್ಟು ಹಿಂದೆ ನಿಂತಿದ್ದರು. ವಿರಾಮದಲ್ಲಿ ನಾನು ಬೋರ್ಡು ತೆಗೆದಾಗ ತಂಡದವರೆಲ್ಲ ನನ್ನ ತಲೆಯ ಮೇಲಿಂದ ಅವರನ್ನು ನೋಡುತ್ತಿದ್ದರು. ನಾನೂ ತಿರುಗಿ, ಏನಾದರೂ ಹೇಳಿ ಎಂದೆ.

"ಬೋರ್ಡು ಬಹಳ ಚೆನ್ನಾಗಿದೆ," ಅಂದರು.

ಆ ಮ್ಯಾಚನ್ನೂ ಸೋತೆವು. ಎರಡು ದಿನ ಬಿಟ್ಟು ಕ್ಯಾಪ್ಟನ್ ಫೋನ್ ಮಾಡಿದರು. ಅದೂ ಇದೂ ಮಾತಾಡಿ, ಕೊನೆಗೆ, "ನಿಮ್ಮ ಮೇಲೆ ನಮಗೆಲ್ಲ ಪೂರ್ತಿ ವಿಶ್ವಾಸ ಉಂಟು, ಆಯ್ತಾ," ಅಂದರು.

ಫೋನ್ ಇಟ್ಟು ಹೆಂಡತಿಗೆ ಹೇಳಿದೆ, "ನನ್ನನ್ನು ತೆಗೀತಾರೆ."

"ಹಂಗಂತ ಅಂದ್ರೇನು?"

"ಇಲ್ಲ, ಪೂರ್ತಿ ವಿಶ್ವಾಸ ಇದೆ ಅಂದ್ರು."

ಮ್ಯಾನೇಜರ್‌ಗಳ ಚರಿತ್ರೆ ಓದದವರಿಗೆ ಇದು ಅರ್ಥವಾಗುವುದು ಕಷ್ಟ. ಆ ಮಾತು ಕ್ಲಬ್ಬಿನ ಅಧ್ಯಕ್ಷರ ಬಾಯಿಂದ ಬಂತೆಂದರೆ ಮ್ಯಾನೇಜರ್‌ನ ಹೆಂಡತಿ ಸೂಟ್‌ಕೇಸ್ ಕೆಳಗಿಳಿಸುತ್ತಾಳೆ. ನನ್ನ ಹೆಂಡತಿ ಕುಕ್ಕರ್ ಇಳಿಸಿದಳು. ಶುಕ್ರವಾರ ಕ್ಯಾಪ್ಟನ್ ಆಸ್ಪತ್ರೆಯ ಕಾರಿಡಾರಿನಿಂದಲೇ ಮತ್ತೆ ಫೋನ್ ಮಾಡಿದರು. ಹಿಂದೆ ಟ್ರಾಲಿಯ ಸದ್ದು.

"ಒಂದು ಯೋಚನೆ ಬಂತು ಮಾರಾಯ್ರೇ. ಆ ಹಿರಿಯರು ಹೇಗೂ ಇದ್ದಾರೆ. ಅವರು ಕೋಚ್ ಆಗಲಿ. ನೀವು ಡೈರೆಕ್ಟರ್."

"ಡೈರೆಕ್ಟರ್ ಅಂದ್ರೆ ಏನು ಕೆಲಸ?"

"ಒಟ್ಟಾರೆ ನೋಡಿಕೊಳ್ಳುವುದು. ನೀರಿನ ಬಾಟಲಿ, ಕಿತ್ತಳೆ ಹಣ್ಣು ಅಂಥದ್ದು. ಮತ್ತೆ ಅವರನ್ನು ಕರ್ಕೊಂಡು ಬರ್ಲಿಕ್ಕೆ ಕಾರು ಬೇಕಲ್ವಾ."

ಘನತೆಯಿಂದ ಒಪ್ಪಿಕೊಂಡೆ. ತಂಡದ ವಾಟ್ಸಾಪ್ ಗುಂಪಿಗೆ ಉದ್ದನೆಯ ವಿದಾಯ ಸಂದೇಶ ಬರೆದೆ. ಆಟಗಾರರಿಗೆ, ಅವರ ಕುಟುಂಬಗಳಿಗೆ, ಅಭಿಮಾನಿಗಳಿಗೆ ಕೃತಜ್ಞತೆ ಹೇಳಿದೆ. ನಮಗೆ ಅಭಿಮಾನಿಗಳಿರಲಿಲ್ಲ. ಎರಡು ಹೆಬ್ಬೆರಳು ಬಂದವು, ಅದರಲ್ಲೊಂದು ಕ್ಯಾಪ್ಟನ್ ಅವರದೇ.

ಮುದುಕರು ಬಂದು ನಮ್ಮ ತಂಡವನ್ನು ಉದ್ಧಾರ ಮಾಡಿದರು ಎಂದು ಬರೆಯುವ ಅವಕಾಶ ನನಗಿಲ್ಲ. ಅವರು ಮೊದಲ ಭಾನುವಾರ ಎಲ್ಲರನ್ನೂ ಮೈದಾನದ ಸುತ್ತ ಓಡಿಸಿದರು. ನಿಂತವರನ್ನು ಬೈದು ಮತ್ತೆ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅರಿವಳಿಕೆ ಡಾಕ್ಟರು ತೊಡೆ ಹಿಡಿದುಕೊಂಡು ಮಲಗಿದ್ದರು, ಇನ್ನೊಬ್ಬರಿಗೆ ಮೀನಖಂಡ ಸೆಟೆದುಕೊಂಡಿತ್ತು. ಎಲ್ಲರೂ ಡಾಕ್ಟರುಗಳೇ ಆದರೂ ಯಾಕೋ ಫೋನ್ ಮಾತ್ರ ನನ್ನ ಹೆಂಡತಿಗೆ ಬಂತು. "ಭಾನುವಾರ ನಾ ಡ್ಯೂಟಿ ರೋಟಾದಾಗ ಇಲ್ಲರೀ," ಎನ್ನುತ್ತಲೇ ಅವಳು ಒಬ್ಬೊಬ್ಬರಿಗೂ ಐಸ್ ಇಡಲು ಹೇಳಿದಳು.

ಮುಂದಿನ ಮ್ಯಾಚಿನಲ್ಲಿ ಉಳಿದವರು ಕುಂಟುತ್ತಾ ಆಡಿ ನನ್ನ ಕಾಲಕ್ಕಿಂತ ಹೆಚ್ಚು ಗೋಲುಗಳಿಂದ ಸೋತರು. ಮುದುಕರಿಗೆ ಭಯಂಕರ ಸಿಟ್ಟು. ಸಾಲಾಗಿ ಜೋಡಿಸಿಟ್ಟಿದ್ದ ನನ್ನ ನೀರಿನ ಬಾಟಲಿಗಳಿಗೆ ಒದ್ದರು. ರೆಫರಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು, ಅದು ಅರ್ಥವಾಗದಿದ್ದುದು ಎಲ್ಲರ ಪುಣ್ಯ. ಆಮೇಲೆ ಹುಲ್ಲು ಉದ್ದವಾಗಿ ಬೆಳೆದಿದೆ ಎಂದು ದೂರಿದರು. ಅದು ಪ್ಲಾಸ್ಟಿಕ್ ಹುಲ್ಲು. ಉರುಳಿದ ಬಾಟಲಿಗಳನ್ನು ಹೆಕ್ಕುತ್ತಿದ್ದ ನನಗೆ ಒಳಗೊಳಗೇ ಎಷ್ಟು ಆನಂದವಾಯಿತೆಂದರೆ, ಮುಖ ಕಾಣದಿರಲಿ ಎಂದು ಬಗ್ಗಿಯೇ ಇದ್ದೆ. ಆ ಸಂಜೆ ಕ್ಯಾಪ್ಟನ್, "ಇನ್ನು ಏನು ಮಾಡುವುದು?" ಎಂದು ಕೇಳಿದಾಗ, ಕೋಚ್‌ಗೆ ಸಮಯ ಕೊಡಬೇಕು ಎಂದು ಡೈರೆಕ್ಟರ್ ಗಾಂಭೀರ್ಯದಲ್ಲಿ ಹೇಳಿದೆ. ನನಗೆ ಯಾರೂ ಕೊಟ್ಟಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಮುದುಕರಿಗೆ ಊರಿನಿಂದ ಫೋನ್ ಬಂತು. ಮೂರನೇ ದರ್ಜೆಯ ಯಾವುದೋ ಕ್ಲಬ್ಬು, ಪಟ್ಟಿಯ ತಳದಲ್ಲಿತ್ತು. ಕೋಚನ್ನು ತೆಗೆದಿದ್ದರು, ಭಾನುವಾರದ ಮ್ಯಾಚಿಗೆ ಜನ ಬೇಕಿತ್ತು. ಅವರು ಆ ಫೋನಿನಲ್ಲೇ ಒಪ್ಪಿಕೊಂಡಿದ್ದರು.

ಮರುದಿನ ಆಫೀಸಿನ ಅಡುಗೆಕೋಣೆಯಲ್ಲಿ ಮಗಳು ನನ್ನನ್ನು ಹಿಡಿದಳು.

"ಅವರಿಗೆ ಅರವತ್ತೆಂಟು. ಸೊಂಟದಲ್ಲಿ ಲೋಹ ಇದೆ. ರಕ್ತದೊತ್ತಡ ನಿಮ್ಮ ಹೆಂಡತಿಗೇ ಗೊತ್ತು, ಅವರ ಹತ್ತಿರವೇ ನೋಂದಾಯಿಸಿದ್ದು. ಕೋಣೆಗೆ ಬಣ್ಣ ಹೊಡೆಸಿದ್ದೆ. ಫುಟ್‌ಬಾಲನ್ನು ಮರೆಯುತ್ತಾ ಬಂದಿದ್ದರು. ನೀವು ಮತ್ತೆ ಹುಚ್ಚು ಹತ್ತಿಸಿದಿರಿ, ನಿಮ್ಮ ಮೈದಾನ, ನಿಮ್ಮ ಕಿತ್ತಳೆ ಹಣ್ಣು."

ನಾನು ಕ್ಷಮಿಸಿ ಎಂದೆ. ಅವಳು ಏರ್‌ಪೋರ್ಟಿಗೆ ಬಿಡಲು ತಾನು ಹೋಗುವುದಿಲ್ಲ ಎಂದಳು. ಹಾಗಾಗಿ ಗುರುವಾರ ಬೆಳಗ್ಗೆ ಡೈರೆಕ್ಟರ್ ಕಾರು ತೆಗೆದ.

ಮುದುಕರು ಕೂದಲಿಗೆ ಹೊಸದಾಗಿ ಬಣ್ಣ ಹಾಕಿಕೊಂಡಿದ್ದರು. ಒಂದೇ ಸೂಟ್‌ಕೇಸು, ಅದರ ಮೇಲೆ ಹಳೆಯ ವಿಮಾನಗಳ ಚೀಟಿಗಳ ಅಂಟು. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಹೋಗುತ್ತಾ ನಾನು ಕೇಳಿಯೇಬಿಟ್ಟೆ.

"ಕ್ರಿಸ್ಮಸ್ಸಿನೊಳಗೆ ನಿಮ್ಮನ್ನೂ ತೆಗೆಯುತ್ತಾರೆ, ಅಲ್ಲವೇ?"

"ಫೆಬ್ರವರಿ," ಅಂದರು ಅವರು. "ಅಧ್ಯಕ್ಷ ಜಿಪುಣ. ಹೊಸಬನನ್ನು ಹುಡುಕಲು ಸೋಮಾರಿತನ."

"ಹಾಗಾದರೆ ಯಾಕೆ ಹೋಗುತ್ತೀರಿ?"

ಅವರು ಕಿಟಕಿಯಾಚೆ ನೋಡಿದರು. ಅಲ್ಲಿ ಕುರಿಗಳು, ಆಮೇಲೆ ಒಂದು ಗೋದಾಮು.

"ಮಗಳ ಮನೆಯಲ್ಲಿ ನಾನು ಎದ್ದಾಗ ಅವಳು ಕೆಲಸಕ್ಕೆ ಹೋಗಿರುತ್ತಾಳೆ. ಮೇಜಿನ ಮೇಲೆ ಬ್ರೆಡ್ ಮುಚ್ಚಿಟ್ಟಿರುತ್ತಾಳೆ. ತಿಂದು ಕಿಟಕಿಯಿಂದ ನೋಡುತ್ತೇನೆ. ಅಲ್ಲಿ ಕ್ಲಬ್ಬಿನಲ್ಲಾದರೆ ಬೆಳಗ್ಗೆ ಎಂಟಕ್ಕೆ ಇಪ್ಪತ್ತು ಹುಡುಗರು ಚಳಿಯಲ್ಲಿ ನಿಂತು ನನಗೆ ಕಾಯುತ್ತಾರೆ. ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ. ಆದರೂ ಕಾಯುತ್ತಾರೆ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಈ ಕೆಲಸದಲ್ಲಿ ಎಷ್ಟು ವರ್ಷದಿಂದ ಇದ್ದೀರಿ?"

"ಹದಿನಾರು ವರ್ಷ. ಒಂದೇ ಕಂಪನಿ."

ಅವರು ಸೀಟಿನಲ್ಲಿ ಪೂರ್ತಿ ಹೊರಳಿ ನನ್ನನ್ನು ನೋಡಿದರು. ಆ ನೋಟದಲ್ಲಿ ವ್ಯಂಗ್ಯವಿರಲಿಲ್ಲ, ವೃತ್ತಿಯವನ ಕುತೂಹಲವಿತ್ತು. "ಹದಿನಾರು ವರ್ಷ. ನೀವು ಬಂದಾಗ ಯಾರನ್ನು ತೆಗೆದಿದ್ದರು?"

ನನಗೆ ಗೊತ್ತಿರಲಿಲ್ಲ. ನನ್ನ ಕುರ್ಚಿಯಲ್ಲಿ ಮೊದಲು ಯಾರೋ ಕೂತಿದ್ದಿರಬೇಕು ಎಂದು ನನಗೆ ಅಂದಿನವರೆಗೆ ಹೊಳೆದೇ ಇರಲಿಲ್ಲ. ಉಳಿದ ದಾರಿಯೆಲ್ಲ ಅದನ್ನೇ ಯೋಚಿಸಿದೆ, ಮತ್ತು ಟರ್ಮಿನಲ್ಲಿನ ತಿರುವು ತಪ್ಪಿಸಿಕೊಂಡು ಒಂದು ಸುತ್ತು ಹೆಚ್ಚು ಹೊಡೆದೆ.

ಕಾರು ನಿಲ್ಲಿಸಿ ಸೂಟ್‌ಕೇಸು ಉರುಳಿಸಿಕೊಂಡು ಹೋದರೆ ಬಾಗಿಲ ಹತ್ತಿರ ಮಗಳು ನಿಂತಿದ್ದಳು. ರೈಲು ಹಿಡಿದು ಬಂದಿದ್ದಳು. ಕೈಯಲ್ಲಿ ಔಷಧದ ಅಂಗಡಿಯ ಕಾಗದದ ಚೀಲ. ರಕ್ತದೊತ್ತಡದ ಮಾತ್ರೆಗಳನ್ನು ಮುದುಕರು ಬಚ್ಚಲುಮನೆಯ ಕಪಾಟಿನಲ್ಲೇ ಬಿಟ್ಟು ಹೊರಟಿದ್ದರಂತೆ. ಅವಳು ಅಪ್ಪನಿಗೆ ಬೈಯತೊಡಗಿದಳು. ಭಾಷೆ ಬಾರದಿದ್ದರೂ ಅದು ಬೈಗುಳವೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಬೈಯುತ್ತಲೇ ಚೀಲವನ್ನು ಅವರ ಜೇಬಿಗೆ ತುರುಕಿದಳು, ಜಾಕೆಟ್ಟಿನ ಜಿಪ್ಪನ್ನು ಗಂಟಲ ತನಕ ಎಳೆದಳು. ಮುದುಕರು ಶಾಲೆಗೆ ಹೊರಟ ಮಗುವಿನ ಹಾಗೆ ಗಲ್ಲ ಮೇಲೆತ್ತಿ ನಿಂತಿದ್ದರು. ನಾನು ಪಕ್ಕದಲ್ಲಿದ್ದ ಫಲಕವನ್ನು ಬಹಳ ಶ್ರದ್ಧೆಯಿಂದ ಓದಿದೆ. ಬ್ಯಾಗಿನಲ್ಲಿ ಯಾವ ಯಾವ ವಸ್ತು ಒಯ್ಯಬಾರದು ಎಂದು ಈಗಲೂ ಕೇಳಿದರೆ ಹೇಳಬಲ್ಲೆ.

ವಾಪಸು ಬರುವಾಗ ಅವಳು ನನ್ನ ಕಾರಿನಲ್ಲೇ ಕೂತಳು. ಬರ್ಚ್‌ವುಡ್ ಹತ್ತಿರವಾದಾಗ ಗಡಿಯಾರ ನೋಡಿಕೊಂಡು, "ತಡವಾಯಿತು, ಮ್ಯಾನೇಜರ್‌ಗೆ ಏನು ಹೇಳುವುದು?" ಅಂದಳು.

"ಮನೆಯಲ್ಲಿ ತುರ್ತು ಕೆಲಸ ಬಂತು ಅನ್ನಿ," ಅಂದೆ. "ಯಾರು ನಿಮ್ಮ ಮ್ಯಾನೇಜರ್?"

ಅವಳು ತಿರುಗಿ ನನ್ನನ್ನು ದಿಟ್ಟಿಸಿದಳು. "ನೀವೇ."

ಅದು ನನಗೆ ನಿಜವಾಗಿಯೂ ಮರೆತುಹೋಗಿತ್ತು. ಅವಳು ಮೊದಲು ನಕ್ಕಳು, ಆಮೇಲೆ ಕೈವಸ್ತ್ರ ತೆಗೆದು ಮೂಗು ಒರೆಸಿಕೊಂಡಳು.

ನಮ್ಮ ಭಾನುವಾರದ ತಂಡವನ್ನು ಈಗ ಕ್ಯಾಪ್ಟನ್ ತಾವೇ ನೋಡಿಕೊಳ್ಳುತ್ತಾರೆ. ಅದು ಇಲ್ಲಿಯವರೆಗೆ ಗೆದ್ದಿರುವುದು ಒಂದೇ ಮ್ಯಾಚು, ನಾನು ಮದುವೆಗೆಂದು ಬೆಂಗಳೂರಿಗೆ ಹೋಗಿದ್ದಾಗ. ಮುದುಕರು ತಮ್ಮ ಲೆಕ್ಕಕ್ಕಿಂತ ಮುಂದೆ ಹೋದರು. ಫೆಬ್ರವರಿ ಕಳೆದರೂ ಕೆಲಸದಲ್ಲಿದ್ದರು. ಈಸ್ಟರ್ ಹೊತ್ತಿಗೆ ಮಗಳು ರಜೆ ಕೇಳಿದಳು. ಈ ಸಲ ನಾನು ಮ್ಯಾನೇಜರ್ ಎಂಬುದನ್ನು ನೆನಪಿಟ್ಟುಕೊಂಡು ಒಪ್ಪಿಗೆ ಕೊಟ್ಟೆ. ಅವಳು ದೊಡ್ಡವಳಾದ ಮೇಲೆ ಅಪ್ಪನ ಮ್ಯಾಚನ್ನು ನೋಡಲು ಹೋಗಿದ್ದು ಅದೇ ಮೊದಲಂತೆ.

ಅಲ್ಲಿಂದ ಒಂದು ಫೋಟೋ ಕಳಿಸಿದಳು. ಮಳೆ, ಖಾಲಿ ಮೆಟ್ಟಿಲುಗಳು, ಗೆರೆಯ ಪಕ್ಕದಲ್ಲಿ ಬೆನ್ನು ತೋರಿಸಿ ನಿಂತ ಮುದುಕರು, ಎರಡೂ ಕೈ ಆಕಾಶಕ್ಕೆ ಚಾಚಿ ಯಾರಿಗೋ ಏನೋ ಕೂಗುತ್ತಿದ್ದಾರೆ. ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು.

"ಮಳ್ಯಾಗ ಟೊಪ್ಪಿಗಿ ಇಲ್ದ ನಿಂತಾರಲ್ರೀ," ಅಂದಳು. "ಹಾಕ್ಕೊಳ್ಳಿಕ್ಕೆ ಹೇಳ್ರಿ."

ಹಾಗೇ ಬರೆದು ಕಳಿಸಿದೆ. ಹೇಳಿ ಆಯಿತು, ಕೇಳುತ್ತಿಲ್ಲ ಎಂದು ಅಲ್ಲಿಂದ ಉತ್ತರ ಬಂತು.